ನೆರೆಯೂರಿನೊಡನೆ ಎಷ್ಟು ಪಂದ್ಯ?

ಕಾಲೇಜು ಹುಡುಗರ ಕಬಡ್ಡಿ ಪಂದ್ಯವೊಂದರ ಆಯುಸ್ಸು ನಲವತ್ತು ನಿಮಿಷ. ಇಪ್ಪತ್ತು ನಿಮಿಷದ ಎರಡು ಸರದಿ, ನಡುವೆ ಐದು ನಿಮಿಷದ ವಿರಾಮ. ಕೊನೆಯ ಸೀಟಿ ಊದಿತೆಂದರೆ ಮುಗಿಯಿತು. ಫುಟ್‌ಬಾಲಿಗೆ ತೊಂಬತ್ತು ನಿಮಿಷ. ವಾಲಿಬಾಲಿಗೆ ಗಡಿಯಾರದ ಹಂಗಿಲ್ಲವಾದರೂ, ನೇರ ಸೆಟ್ಟುಗಳಲ್ಲಿ ಸೋತ ತಂಡ ಒಂದು ಗಂಟೆಯೊಳಗೆ ಅಂಗಳ ಬಿಡುವುದುಂಟು. ಇಷ್ಟು ಹೊತ್ತಿನ ಆಟಕ್ಕಾಗಿ ಕರಾವಳಿಯ ಕಾಲೇಜು ತಂಡವೊಂದು ಮಳೆಗಾಲ ಕಳೆಯುವುದನ್ನು ಕಾದು, ಕೆಸರು ಆರಿದ ಮೈದಾನದಲ್ಲಿ ಬೆಳಗು ಬೈಗು ಬೆವರು ಸುರಿಸಿ, ಮನೆಯವರ ಅಪ್ಪಣೆಯನ್ನೂ ಪ್ರಾಚಾರ್ಯರ ರುಜುವನ್ನೂ ಸಂಪಾದಿಸಿ, ಬಸ್ಸು ಹತ್ತಿ ದೂರದ ಊರಿಗೆ ಹೋಗುತ್ತದೆ. ಮೊದಲ ಸುತ್ತಿನಲ್ಲೇ ಸೋತರೆ ಬಂದ ದಾರಿಗೆ ಸುಂಕವಿಲ್ಲ. ಮತ್ತೆ ಆಟವೆಂದರೆ ಬರುವ ವರ್ಷವೇ. ಮೂರು ವರ್ಷದ ಪದವಿಯಲ್ಲಿ ಮೂರು ಸಲ ಹೀಗೆ ಸೋತ ಹುಡುಗ ತನ್ನ ಕಾಲೇಜಿನ ಹೆಸರಿನಲ್ಲಿ ಅಂಕಣದೊಳಗೆ ನಿಂತ ಒಟ್ಟು ಕಾಲ ಎಷ್ಟು? ಎರಡು ಗಂಟೆ!

ಸೋತವರು ಹೊರಕ್ಕೆ ಎಂಬ ಈ ಪದ್ಧತಿಗೆ ನಾಕೌಟ್ ಎಂದು ಹೆಸರು. ವ್ಯವಸ್ಥಾಪಕರ ಪಾಲಿಗೆ ಇದರಷ್ಟು ಅಗ್ಗವಾದುದು ಮತ್ತೊಂದಿಲ್ಲ. 16 ತಂಡಗಳು ಕೂಡಿದರೆ ಕೇವಲ 15 ಪಂದ್ಯಗಳಲ್ಲಿ ವಿಜೇತರು ಯಾರೆಂಬುದು ತೀರ್ಮಾನವಾಗುತ್ತದೆ. ಒಂದು ಕಾಲೇಜಿನ ಅಂಗಳ, ಎರಡು ಮೂರು ದಿನದ ಊಟ ವಸತಿ, ನಾಲ್ಕಾರು ನಿರ್ಣಾಯಕರು ಇದ್ದರೆ ಸಾಕು. ಆದರೆ ಇದೇ ಲೆಕ್ಕವನ್ನು ಆಟಗಾರನ ಕಡೆಯಿಂದ ನೋಡಿದರೆ ಚಿತ್ರ ಬೇರೆಯಾಗುತ್ತದೆ. ಆ 16 ತಂಡಗಳಲ್ಲಿ ಎಂಟಕ್ಕೆ ದಕ್ಕಿದ್ದು ಒಂದೊಂದೇ ಪಂದ್ಯ, ನಾಲ್ಕಕ್ಕೆ ಎರಡೆರಡು, ನಾಲ್ಕು ಪಂದ್ಯಗಳ ಭಾಗ್ಯ ಅಂತಿಮ ಸುತ್ತು ಮುಟ್ಟಿದ ಎರಡೇ ತಂಡಗಳಿಗೆ. ಆಟದ ಅಭ್ಯಾಸ ಯಾರಿಗೆ ಹೆಚ್ಚು ಬೇಕೋ ಅವರಿಗೆ ಅತ್ಯಲ್ಪ, ಯಾರು ಈಗಾಗಲೇ ಪಳಗಿದ್ದಾರೋ ಅವರಿಗೆ ಅತ್ಯಧಿಕ. ಉಂಡವನಿಗೇ ಮತ್ತೆ ಬಡಿಸುವ ಪಂಕ್ತಿಯಿದು.

ಹಾಗೆಂದು ಎಲ್ಲರೂ ಎಲ್ಲರೊಡನೆ ಆಡುವ ಲೀಗ್ ಪದ್ಧತಿಯನ್ನು ಕಣ್ಣುಮುಚ್ಚಿ ಒಪ್ಪುವಂತೆಯೂ ಇಲ್ಲ. ಅದೇ 16 ತಂಡಗಳು ಪರಸ್ಪರ ಒಂದೊಂದು ಸಲ ಎದುರಾಗಬೇಕಾದರೆ 120 ಪಂದ್ಯಗಳಾಗುತ್ತವೆ. ಯಾವ ವಿಶ್ವವಿದ್ಯಾಲಯದ ಬೊಕ್ಕಸವೂ ಇದನ್ನು ತಾಳದು, ಯಾವ ವಿದ್ಯಾರ್ಥಿಯ ಹಾಜರಿಪಟ್ಟಿಯೂ ತಾಳದು. ಆದ್ದರಿಂದ ಮಧ್ಯಮಾರ್ಗವಾಗಿ ನೆರೆಹೊರೆಯ ತಂಡಗಳ ಒಂದು ಸಣ್ಣ ಕೂಟ ಕಟ್ಟಿ, ಅದರೊಳಗೆ ಲೀಗ್ ಆಡಿ, ಆಮೇಲೆ ಹೊರಗಿನವರನ್ನು ಎದುರಿಸುವ ಉಪಾಯವನ್ನು ಲೋಕದ ಹಲವೆಡೆ ಕಂಡುಕೊಂಡಿದ್ದಾರೆ. ಉಪಾಯವೇನೋ ಸರಿ, ಆದರೆ ನೆರೆಯವರೊಡನೆ ಎಷ್ಟು ಪಂದ್ಯ, ಹೊರಗಿನವರೊಡನೆ ಎಷ್ಟು? ಈ ಒಂದು ಪ್ರಶ್ನೆಯ ಮೇಲೆ ಅಮೆರಿಕ ದೇಶದಲ್ಲಿ ನಡೆದಿರುವ ವಾದವಿವಾದವನ್ನು ಕೇಳಿದರೆ ಸೋಜಿಗವಾಗುತ್ತದೆ.

ಅಲ್ಲಿಯ ಕಾಲೇಜು ಫುಟ್‌ಬಾಲ್ ನಮ್ಮ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಬಹುಪಾಲು ಕೈಯಲ್ಲೇ ಹಿಡಿದು ಓಡುವ, ಮೈಗೆ ಮೈ ಅಪ್ಪಳಿಸುವ ಆಟ. ಮೇಲ್ದರ್ಜೆಯ ತಂಡವೊಂದು ಒಂದು ಋತುವಿನಲ್ಲಿ ಸಾಮಾನ್ಯವಾಗಿ 12 ಪಂದ್ಯ ಆಡುತ್ತದೆ. ಅವುಗಳಲ್ಲಿ ಸ್ವಂತ ಕೂಟದೊಳಗಿನ ಪಂದ್ಯಗಳು ಎಂಟಿರಬೇಕೆ, ಒಂಬತ್ತಿರಬೇಕೆ? ದಕ್ಷಿಣ ಸೀಮೆಯ ಪ್ರಬಲ ಕೂಟವೊಂದು 1992ರಿಂದಲೂ ಎಂಟಕ್ಕೇ ಅಂಟಿಕೊಂಡಿದ್ದು, 2026ರ ಋತುವಿನಿಂದ ಒಂಬತ್ತು ಆಡುವುದಾಗಿ 2025ರ ಆಗಸ್ಟ್ ತಿಂಗಳಲ್ಲಿ ಸಾರಿತು. ಒಂದು ಪಂದ್ಯದ ಹೆಚ್ಚಳಕ್ಕೆ ಇಷ್ಟು ವರ್ಷದ ಜಗ್ಗಾಟವೇಕೆ? ಕೂಟದ ಹೊರಗೆ ಒಬ್ಬ ದುರ್ಬಲ ಎದುರಾಳಿಯನ್ನು ಸ್ವಂತ ಮೈದಾನಕ್ಕೆ ಕರೆಸಿದರೆ ಗೆಲುವೂ ಉಂಟು, ಟಿಕೆಟ್ಟಿನ ಹಣವೂ ಉಂಟು. ಕೂಟದೊಳಗೆ ಒಂದು ಪಂದ್ಯ ಹೆಚ್ಚಿತೆಂದರೆ ಕೂಟದ ಅರ್ಧದಷ್ಟು ತಂಡಗಳಿಗೆ ಒಂದು ಸೋಲು ಕಟ್ಟಿಟ್ಟ ಬುತ್ತಿ. ಮೇಲಾಗಿ ಒಂಬತ್ತು ಬೆಸ ಸಂಖ್ಯೆ. ಒಬ್ಬರಿಗೆ ಮನೆಯಂಗಳದಲ್ಲಿ ಐದು, ಮತ್ತೊಬ್ಬರಿಗೆ ನಾಲ್ಕೇ. ನೋಡುಗರಿಗಾದರೋ ನೆರೆಯೂರಿನೊಡನೆ ನಡೆವ ಹಣಾಹಣಿಯೇ ಬೇಕು.

ಇಷ್ಟೆಲ್ಲ ಲೆಕ್ಕ ಹಾಕುವ ಆ ದೇಶದಲ್ಲಿ ನೆರೆ ಎಂಬ ಮಾತಿನ ಅರ್ಥವೇ ಈಚೆಗೆ ಕರಗಿಹೋಗಿದೆಯೆಂಬುದು ಮತ್ತೊಂದು ವಿನೋದ. ‘ದೊಡ್ಡ ಹತ್ತು’ ಎಂಬ ಹೆಸರಿನ ಕೂಟದಲ್ಲಿ 2024ರಿಂದ ಹದಿನೆಂಟು ಸದಸ್ಯರು. ಶಾಂತಸಾಗರದ ದಡದ ರಾಜ್ಯವಾದ ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯ ಅದೇ ವರ್ಷ ‘ಅಟ್ಲಾಂಟಿಕ್ ಕರಾವಳಿ’ ಎಂಬ ಕೂಟವನ್ನು ಸೇರಿತು! ದೂರದರ್ಶನದ ಹಣ ನಕಾಶೆಯನ್ನು ನುಂಗಿತು ಎನ್ನಬೇಕು. ಈ ಗದ್ದಲದ ನಡುವೆ ಐವಿ ಲೀಗ್ ಎಂಬ ಹಳೆಯ ಎಂಟು ವಿದ್ಯಾಪೀಠಗಳ ಕೂಟ ಮಾತ್ರ ತನ್ನ ಸರಳ ನಿಯಮವನ್ನು ಬಿಟ್ಟಿಲ್ಲ: ಎಂಟು ತಂಡ, ಪ್ರತಿಯೊಬ್ಬರೂ ಉಳಿದ ಏಳು ಮಂದಿಯೊಡನೆ ತಲಾ ಒಂದು ಪಂದ್ಯ, ಹೊರಗಿನವರೊಡನೆ ಮೂರು, ಒಟ್ಟು ಹತ್ತು. ಯಾರು ಯಾರನ್ನು ತಪ್ಪಿಸಿಕೊಂಡು ಗೆದ್ದರು ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ.

ಇನ್ನು ನಮ್ಮ ಕರಾವಳಿಗೆ ಬರೋಣ. ಉತ್ತರ ಕನ್ನಡ ಜಿಲ್ಲೆಯ ಕುಮಟಾ, ಹೊನ್ನಾವರ, ಭಟ್ಕಳ ಈ ಮೂರು ಪೇಟೆಗಳೂ ಒಂದೇ ಹೆದ್ದಾರಿಯ ದಾರದಲ್ಲಿ ಪೋಣಿಸಿದ ಮಣಿಗಳಂತಿವೆ. ಕುಮಟೆಯಿಂದ ಭಟ್ಕಳಕ್ಕೆ ಅರವತ್ತು ಕಿಲೋಮೀಟರಿನ ಆಸುಪಾಸು; ನಡುವೆ ಹೊನ್ನಾವರ, ಶರಾವತಿ. ಕುಮಟೆಯಲ್ಲಿ 1949ರಲ್ಲಿ ಆರಂಭವಾದ, ಮುಂದೆ ಡಾ. ಎ. ವಿ. ಬಾಳಿಗರ ಹೆಸರನ್ನು ಹೊತ್ತ ಕಾಲೇಜು. ಹೊನ್ನಾವರದಲ್ಲಿ 1964ರ ಎಸ್.ಡಿ.ಎಂ. ಕಾಲೇಜು, ಭಟ್ಕಳದಲ್ಲಿ 1919ರಲ್ಲೇ ಹುಟ್ಟಿದ ಅಂಜುಮನ್ ಸಂಸ್ಥೆ 1968ರಲ್ಲಿ ತೆರೆದ ಕಾಲೇಜು. ಹೊಳೆ ದಾಟಲು ದೋಣಿ ಕಾಯಬೇಕಾಗಿದ್ದ ಕಾಲವೊಂದಿತ್ತು. ಈಗ ಶರಾವತಿಯ ಮೇಲೆ ರಸ್ತೆಯ ಸೇತುವೆಯೂ ಉಂಟು, ಎರಡು ಕಿಲೋಮೀಟರಿಗೂ ಉದ್ದವಾದ ಕೊಂಕಣ ರೈಲ್ವೆಯ ಸೇತುವೆಯೂ ಉಂಟು. 1998ರಲ್ಲಿ ಆ ಮಾರ್ಗ ಪೂರ್ತಿ ತೆರೆದ ಮೇಲೆ ಮೂರು ಊರುಗಳಿಗೂ ರೈಲು ನಿಲ್ದಾಣ ದೊರೆತಿದೆ. ಮಧ್ಯಾಹ್ನ ಊಟ ಮಾಡಿ ಹೊರಟವರು ಆಟ ಮುಗಿಸಿ ರಾತ್ರಿಯ ಊಟಕ್ಕೆ ಮನೆ ಸೇರಬಹುದಾದ ದೂರವಿದು.

ಆದರೆ ಕಾಲೇಜು ಕ್ರೀಡೆಯಲ್ಲಿ ಯಾರು ನೆರೆಯವರೆಂಬುದನ್ನು ಕಿಲೋಮೀಟರು ನಿರ್ಣಯಿಸುವುದಿಲ್ಲ, ವಿಶ್ವವಿದ್ಯಾಲಯ ನಿರ್ಣಯಿಸುತ್ತದೆ. ಈ ಮೂರು ಕಾಲೇಜುಗಳೂ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಿಗಾಗಿ 1949ರಲ್ಲಿ ಹುಟ್ಟಿ ಮರುವರ್ಷ ಧಾರವಾಡಕ್ಕೆ ಬಂದ ಆ ವಿಶ್ವವಿದ್ಯಾಲಯದ ಅಂತರ್ಕಾಲೇಜು ಪಂದ್ಯಾಟಗಳಲ್ಲಿ ಕರಾವಳಿಯ ಹುಡುಗರ ಎದುರಾಳಿಗಳು ಘಟ್ಟದ ಮೇಲಿನ ಬಯಲುಸೀಮೆಯವರೂ ಹೌದು. ಭಟ್ಕಳದಿಂದ ಧಾರವಾಡಕ್ಕೆ ಹೋಗಬೇಕಾದರೆ ಕುಮಟೆ ದಾಟಿ, ದೇವಿಮನೆ ಘಟ್ಟವೇರಿ, ಶಿರಸಿ ಹಾಯ್ದು, ಹುಬ್ಬಳ್ಳಿಯ ಮೇಲೆ ಇನ್ನೂರು ಕಿಲೋಮೀಟರು ಮೀರಿದ ಪ್ರಯಾಣ. ಅದೇ ಭಟ್ಕಳದಿಂದ ದಕ್ಷಿಣಕ್ಕೆ ಮುಖ ಮಾಡಿದರೆ ನಲವತ್ತೈದು ಕಿಲೋಮೀಟರಿನ ಆಸುಪಾಸಿನಲ್ಲಿ ಕುಂದಾಪುರ. ಅಲ್ಲಿ 1963ರ ಭಂಡಾರ್ಕಾರ್ಸ್ ಕಾಲೇಜು. ಆದರೆ ಅದು ಮಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಅಂತರ್ಕಾಲೇಜು ಪಂದ್ಯದಲ್ಲಿ ಈ ಎರಡು ತಂಡಗಳು ಮುಖಾಮುಖಿಯಾಗುವ ಪ್ರಸಂಗವೇ ಬಾರದು.

ಈ ಗೆರೆಯನ್ನು ಯಾವ ಕ್ರೀಡಾಧಿಕಾರಿಯೂ ಎಳೆದುದಲ್ಲ. ಒಂದಾಗಿದ್ದ ಕೆನರಾ ಜಿಲ್ಲೆಯನ್ನು ಆಂಗ್ಲರು ಸೀಳಿ, 1862ರಲ್ಲಿ ಉತ್ತರ ಭಾಗವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ದಕ್ಷಿಣ ಭಾಗ ಮದರಾಸಿಗೇ ಉಳಿಯಿತು. ಭಟ್ಕಳಕ್ಕೂ ಬೈಂದೂರಿಗೂ ನಡುವೆ ಬಿದ್ದ ಆ ಗಡಿ 1956ರ ನವೆಂಬರ್ 1ರಂದು ಎರಡೂ ಜಿಲ್ಲೆಗಳು ಒಂದೇ ರಾಜ್ಯ ಸೇರಿದಾಗ ಅಳಿಸಿತೆಂದು ಎಲ್ಲರೂ ನಂಬಿದ್ದಾರೆ. ಆಟದ ಮೈದಾನದಲ್ಲಿ ಅದು ಇನ್ನೂ ಅಳಿದಿಲ್ಲ. ಅಷ್ಟೇಕೆ, ಭಟ್ಕಳದೊಳಗೇ ಅಂಜುಮನ್ ಸಂಸ್ಥೆಯ ಇಂಜಿನಿಯರಿಂಗ್ ಕಾಲೇಜು ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಒಂದೇ ಸಂಸ್ಥೆಯ ಎರಡು ಕಾಲೇಜುಗಳು ಎರಡು ಬೇರೆ ಬೇರೆ ಕೂಟಗಳಲ್ಲಿ ಆಡುತ್ತವೆ. ಅಟ್ಲಾಂಟಿಕ್ ಕೂಟ ಸೇರಿದ ಸ್ಟ್ಯಾನ್‌ಫೋರ್ಡನ್ನು ನೋಡಿ ನಕ್ಕವರು ಇಲ್ಲಿ ಸ್ವಲ್ಪ ತಡೆಯಬೇಕು.

ಇಷ್ಟಕ್ಕೂ ಒಂದು ಪಂದ್ಯ ಹೆಚ್ಚಾದರೇನು, ಕಡಿಮೆಯಾದರೇನು ಎಂದು ಕೇಳುವವರಿರಬಹುದು. ಆಟವೆಂದರೆ ಮನರಂಜನೆ ತಾನೆ? ಆ ಮಾತು ಅರ್ಧ ನಿಜ. ಅಂತರ್ಕಾಲೇಜು ಪಂದ್ಯಾಟವೇ ವಿಶ್ವವಿದ್ಯಾಲಯದ ತಂಡಕ್ಕೆ ಆಟಗಾರರನ್ನು ಆರಿಸುವ ಜರಡಿ. ಆರಿಸಲ್ಪಟ್ಟವನು ಅಂತರ-ವಿಶ್ವವಿದ್ಯಾಲಯ ಪಂದ್ಯಾವಳಿಗೆ ಹೋಗುತ್ತಾನೆ. ಅಲ್ಲಿ ತನ್ನ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದವರಿಗೆ ಕೇಂದ್ರ ಸರ್ಕಾರದ ‘ಸಿ’ ದರ್ಜೆಯ ಹುದ್ದೆಗಳ ಕ್ರೀಡಾ ನೇಮಕಾತಿಯಲ್ಲಿ ಅರ್ಹತೆ ಉಂಟು. ಮೀನುಗಾರರ ಕೇರಿಯ, ಅಡಿಕೆ ತೋಟದ ಕೂಲಿಯ ಮನೆಯ ಹುಡುಗನೊಬ್ಬನಿಗೆ ಆ ಒಂದು ಪ್ರಮಾಣಪತ್ರವೆಂದರೆ ಅನ್ನದ ದಾರಿ. ಆಯ್ಕೆಗಾರರ ಕಣ್ಣಿಗೆ ಅವನು ಬೀಳುವುದು ಎಷ್ಟು ಹೊತ್ತು? ತಂಡ ಮೊದಲ ಸುತ್ತಿನಲ್ಲೇ ಸೋತರೆ ನಲವತ್ತು ನಿಮಿಷ. ಅಂದು ಅವನಿಗೆ ಜ್ವರ ಬಂದಿದ್ದರೆ, ಕಾಲು ಉಳುಕಿದ್ದರೆ, ಬಸ್ಸಿನ ಪ್ರಯಾಣದಲ್ಲಿ ನಿದ್ದೆಗೆಟ್ಟಿದ್ದರೆ, ಆ ವರ್ಷ ಮುಗಿದಂತೆಯೇ. ಅಂತರ-ವಿಶ್ವವಿದ್ಯಾಲಯ ಪಂದ್ಯಾವಳಿಗಳಲ್ಲಿ ವಲಯದ ಕೊನೆಯ ನಾಲ್ಕು ತಂಡಗಳನ್ನು ಪರಸ್ಪರ ಲೀಗ್ ಆಡಿಸುವ ರೂಢಿ ಬಹುಕಾಲದಿಂದ ಇದೆ. ಒಂದೇ ಪಂದ್ಯದಿಂದ ಬಲಾಬಲ ತಿಳಿಯದೆಂಬುದನ್ನು ಮೇಲಿನವರು ಬಲ್ಲರು ಎಂದಾಯಿತು. ಆ ತಿಳಿವಳಿಕೆ ಕೆಳಗಿನ ಮೆಟ್ಟಿಲಿಗೆ ಇಳಿದುಬಂದರೆ ಸಾಕು.

ಇದಕ್ಕೆ ನಮ್ಮ ದೇಶದಲ್ಲೇ ದೊಡ್ಡದೊಂದು ನಿದರ್ಶನವಿದೆ, ಅದು ಕ್ರಿಕೆಟಿನದು. ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ನಡೆದದ್ದು 1934ರ ನವೆಂಬರ್ 4ರಂದು, ಮದರಾಸಿನ ಚೇಪಾಕ್ ಮೈದಾನದಲ್ಲಿ, ಮದರಾಸಿಗೂ ಮೈಸೂರಿಗೂ. ಮೈಸೂರು ಮೊದಲ ಸರದಿಯಲ್ಲಿ 48ಕ್ಕೆ ಉರುಳಿತು, ಎರಡನೆಯದರಲ್ಲಿ 59ಕ್ಕೆ. ಮದರಾಸಿನ ಎ. ಜಿ. ರಾಮಸಿಂಗ್ ಎರಡೂ ಸರದಿಗಳಿಂದ 35 ರನ್ನಿಗೆ 11 ವಿಕೆಟ್ ಕಿತ್ತರು. ಮದರಾಸಿನ 130ನ್ನೇ ಎರಡು ಸರದಿಗಳಿಂದಲೂ ಮುಟ್ಟಲಾರದೆ, ಒಂದೇ ದಿನದಲ್ಲಿ ಪಂದ್ಯ ಮುಗಿದುಹೋಯಿತು. ನಾಕೌಟ್ ಪದ್ಧತಿಯಾದ್ದರಿಂದ ಆ ವರ್ಷದ ರಣಜಿ ಸ್ಪರ್ಧೆಯೂ ಮೈಸೂರಿನ ಪಾಲಿಗೆ ಅದೇ ದಿನ ಮುಗಿಯಿತು. ಬೆಳಿಗ್ಗೆ ಮೊದಲಾದದ್ದು ಸಂಜೆಗೆ ಸಮಾಪ್ತಿ!

1957–58ರಿಂದ ಈ ಕ್ರಮ ಬದಲಾಯಿತು. ದಕ್ಷಿಣ ವಲಯದ ಮೈಸೂರು, ಮದರಾಸು, ಹೈದರಾಬಾದು, ಆಂಧ್ರ, ಕೇರಳ ಈ ಐದು ತಂಡಗಳು ತಮ್ಮೊಳಗೆ ಲೀಗ್ ಆಡತೊಡಗಿದವು. ಗೆಲ್ಲಲಿ ಸೋಲಲಿ, ಪ್ರತಿ ತಂಡಕ್ಕೂ ವರ್ಷಕ್ಕೆ ನಾಲ್ಕು ಪಂದ್ಯ ನಿಶ್ಚಿತ. 1967ರಲ್ಲಿ ಭದ್ರಾವತಿಯ ಎಳೆಯ ಹುಡುಗನೊಬ್ಬನನ್ನು ಮೈಸೂರು ತಂಡ ವಿಜಯವಾಡದಲ್ಲಿ ಆಂಧ್ರದ ಎದುರು ಆಡಿಸಿತು. ಮೊದಲ ಪಂದ್ಯದಲ್ಲೇ 230 ರನ್ನು ಹೊಡೆದ ಆ ಹುಡುಗನೇ ಜಿ. ಆರ್. ವಿಶ್ವನಾಥ್. ಒಂದು ಸೋಲಿಗೆ ವರ್ಷವೇ ಮುಳುಗುವ ಸ್ಪರ್ಧೆಯಲ್ಲಿ ಹೊಸಬನನ್ನು ಇಳಿಸುವ ಧೈರ್ಯ ಯಾವ ನಾಯಕನಿಗೂ ಸುಲಭವಾಗಿ ಬಾರದು. ನಾಲ್ಕು ಪಂದ್ಯಗಳ ಭರವಸೆಯಿದ್ದರೆ ಬರುತ್ತದೆ. 1973–74ರಲ್ಲಿ, ಅದಾಗಲೇ ಕರ್ನಾಟಕವೆಂಬ ಹೆಸರು ತಾಳಿದ್ದ ಇದೇ ತಂಡ, ಹದಿನೈದು ವರ್ಷ ಸತತವಾಗಿ ಪ್ರಶಸ್ತಿ ಹೊತ್ತಿದ್ದ ಮುಂಬಯಿಯನ್ನು ಉಪಾಂತ್ಯದಲ್ಲಿ ತಡೆದು, ಮೊದಲ ಬಾರಿಗೆ ರಣಜಿ ಟ್ರೋಫಿ ಗೆದ್ದುಕೊಂಡಿತು.

ಕತೆಯ ಮುಂದಿನ ಭಾಗವನ್ನೂ ಹೇಳದಿದ್ದರೆ ನ್ಯಾಯವಾಗದು. 2002–03ರಲ್ಲಿ ರಣಜಿ ಟ್ರೋಫಿಯ ವಲಯ ಲೀಗನ್ನು ಕೈಬಿಟ್ಟು, ಬಲಾಬಲಕ್ಕೆ ತಕ್ಕ ಎರಡು ಗುಂಪುಗಳನ್ನು ಮಾಡಿದರು. ವಲಯಗಳೆಲ್ಲ ಸಮಬಲದವಲ್ಲ, ಒಂದು ವಲಯದಲ್ಲಿ ಬಲಿಷ್ಠರು ಒಬ್ಬರನ್ನೊಬ್ಬರು ಹಣಿದು ಹೊರಬಿದ್ದರೆ, ಮತ್ತೊಂದರಲ್ಲಿ ಸಾಧಾರಣ ತಂಡವೂ ಮುಂದೆ ಸಾಗುತ್ತದೆ. ಹಾಳೂರಿಗೆ ಉಳಿದವನೇ ಗೌಡನೆಂಬ ಗಾದೆ ಕ್ರೀಡೆಗೂ ಸಲ್ಲುತ್ತದೆ. ನೆರೆಯವರೊಡನೆಯೇ ಸದಾ ಸೆಣಸಿ ಗೆದ್ದ ಕರಾವಳಿಯ ತಂಡ ಧಾರವಾಡದ ಅಂಗಳದಲ್ಲಿ ಹೊಸ ಪಟ್ಟುಗಳನ್ನು ಕಂಡು ಕಕ್ಕಾಬಿಕ್ಕಿಯಾಗುವ ಅಪಾಯ ಇದ್ದೇ ಇದೆ. ಆದ್ದರಿಂದ ನೆರೆಯ ಪಂದ್ಯಗಳು ಬೇಕು; ಅವುಗಳಿಗೊಂದು ಮಿತಿಯೂ ಬೇಕು.

ಆ ಮಿತಿ ನಾಲ್ಕು ಎಂದಿರಲಿ. ಇದು ಎಲ್ಲಿಂದಲೋ ತಂದ ಸಂಖ್ಯೆಯಲ್ಲ. ಕುಮಟಾ, ಹೊನ್ನಾವರ, ಭಟ್ಕಳ ಮೂರೇ ಕಾಲೇಜುಗಳು ಕೂಡಿ, ಒಬ್ಬರೊಡನೊಬ್ಬರು ಮನೆಯಂಗಳದಲ್ಲೊಮ್ಮೆ, ಎದುರಾಳಿಯ ಅಂಗಳದಲ್ಲೊಮ್ಮೆ ಆಡಿದರೆ ಒಟ್ಟು ಆರು ಪಂದ್ಯ, ಪ್ರತಿ ತಂಡಕ್ಕೆ ನಾಲ್ಕು. ಉತ್ತರಕ್ಕೆ ಕೈಚಾಚಿ ಅಂಕೋಲೆಯ ಗೋಖಲೆ ಶತಾಬ್ದಿ ಕಾಲೇಜನ್ನೂ ಕಾರವಾರದ ಕಾಲೇಜೊಂದನ್ನೂ ಸೇರಿಸಿಕೊಂಡು ಐವರಾದರೆ, ಪರಸ್ಪರ ಒಂದೊಂದೇ ಸಲ ಆಡಿದರೂ ಹತ್ತು ಪಂದ್ಯ. ತಲಾ ನಾಲ್ಕು, ಎರಡು ಮನೆಯಲ್ಲಿ, ಎರಡು ಹೊರಗೆ. ಐದು ವಾರಗಳಲ್ಲಿ ವಾರಕ್ಕೆ ಎರಡು ಪಂದ್ಯದಂತೆ ಮುಗಿಯುತ್ತದೆ. ಪ್ರತಿ ವಾರ ಒಂದು ತಂಡಕ್ಕೆ ಬಿಡುವು. ಎಂಟು ತಂಡಗಳ ಆಸೆ ಮಾತ್ರ ಬೇಡ. ಅದು 28 ಪಂದ್ಯ, ತಲಾ ಏಳು. ಸೆಮಿಸ್ಟರಿನ ಅರ್ಧವನ್ನು ಅದೇ ನುಂಗೀತು.

ಕಾಲದ ಆಯ್ಕೆಯೂ ಇಲ್ಲಿ ಸ್ವೇಚ್ಛೆಯದಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮೈದಾನಗಳು ಗದ್ದೆಗಳಾಗಿರುತ್ತವೆ. ರಸ್ತೆಯ ಮಾತು ಕೇಳುವುದೇ ಬೇಡ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳೂ ಹೋದವು, ಹೆದ್ದಾರಿಯೂ ಮುಚ್ಚಿತು. ಮಳೆ ನಿಂತು ನೆಲ ಗಟ್ಟಿಯಾಗುವ ಹೊತ್ತಿಗೇ ಲೀಗ್ ತೊಡಗಬೇಕು. ಪರೀಕ್ಷೆಯ ಹದಿನೈದು ದಿನ ಮೊದಲೇ ಮುಗಿಯಬೇಕು. ಶುಕ್ರವಾರ ಭಟ್ಕಳದವರಿಗೆ ಮಧ್ಯಾಹ್ನದ ನಮಾಜು; ಶನಿವಾರದ ಮಧ್ಯಾಹ್ನವೇ ಎಲ್ಲರಿಗೂ ಒಗ್ಗುವ ಹೊತ್ತು. ನೂರಕ್ಕೆ 75ರ ಹಾಜರಿಯ ನಿಯಮಕ್ಕೂ ಅದರಿಂದ ಹೆಚ್ಚು ಧಕ್ಕೆಯಿಲ್ಲ. ಘಟ್ಟದಾಚೆಯ ಎರಡು ಮೂರು ದಿನದ ಪಂದ್ಯಾಟವೊಂದು ತಿನ್ನುವಷ್ಟು ತರಗತಿಗಳನ್ನು ಈ ನಾಲ್ಕು ಶನಿವಾರಗಳು ತಿನ್ನಲಾರವು.

ಇದರ ಲಾಭ ಎಲ್ಲರಿಗಿಂತ ಹೆಚ್ಚಾಗಿ ಹೆಣ್ಣುಮಕ್ಕಳಿಗೆ. ಮಗಳು ಆಡಲಿ ಎಂಬ ಮನಸ್ಸಿದ್ದರೂ, ಪರಸ್ಥಳದಲ್ಲಿ ರಾತ್ರಿ ತಂಗಬೇಕೆಂದೊಡನೆ ಹಿಂಜರಿಯುವ ತಾಯ್ತಂದೆಗಳು ಕಡಿಮೆಯಿಲ್ಲ. ಅವರನ್ನು ಹಳಿಯುವುದರಿಂದ ಪ್ರಯೋಜನವಿಲ್ಲ. ಕತ್ತಲಾಗುವ ಹೊತ್ತಿಗೆ ಮನೆಗೆ ಮರಳುವ ಪಂದ್ಯವನ್ನು ಏರ್ಪಡಿಸುವುದೇ ಸರಿಯಾದ ಉತ್ತರ. 2023ರ ಜೂನ್ 11ರಿಂದ ರಾಜ್ಯ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಟಿಕೆಟ್ಟಿನ ಹಣವಿಲ್ಲ. ಭಟ್ಕಳದ ಹುಡುಗಿಯರ ತಂಡ ಗುರುತಿನ ಚೀಟಿ ತೋರಿಸಿ ಕುಮಟೆಯ ಮಣಕಿ ಮೈದಾನಕ್ಕೆ ಬಂದು ಹೋಗಲು ಕಾಲೇಜಿಗೆ ತಗಲುವ ಖರ್ಚು ಚಹಾ ತಿಂಡಿಯದಷ್ಟೆ. ಪ್ರತಿ ವಿದ್ಯಾರ್ಥಿಯಿಂದಲೂ ವಸೂಲಾಗುವ ಕ್ರೀಡಾಶುಲ್ಕಕ್ಕೆ ಇದು ಭಾರವಾದೀತೆ?

ಜಗಳದ ಭಯವನ್ನು ಕೆಲವರು ಮುಂದಿಡಬಹುದು. ಅಕ್ಕಪಕ್ಕದ ಊರಿನವರು ಪದೇ ಪದೇ ಎದುರಾದರೆ ಹುಡುಗಾಟ ಹೊಡೆದಾಟಕ್ಕೆ ತಿರುಗದೆ? ಜೋಡಾಟದ ರಾತ್ರಿಗಳನ್ನು ಬಲ್ಲ ಈ ಕರಾವಳಿಯಲ್ಲಿ, ಎರಡು ಮೇಳಗಳು ಅಕ್ಕಪಕ್ಕದಲ್ಲಿ ರಂಗಸ್ಥಳ ಕಟ್ಟಿ ಬೆಳಗಾಗುವ ತನಕ ಸ್ಪರ್ಧೆಗೆ ನಿಂತರೆ ಅಭಿಮಾನಿಗಳ ರಕ್ತ ಹೇಗೆ ಬಿಸಿಯೇರುತ್ತದೆಂಬುದು ಎಲ್ಲರಿಗೂ ಗೊತ್ತು. ಆದರೆ ಅದೇ ವೇಷಧಾರಿಗಳು ಋತುವಿಡೀ ಊರೂರು ಸುತ್ತಿ, ಒಬ್ಬರ ಕುಣಿತವನ್ನು ಮತ್ತೊಬ್ಬರು ಕಂಡು, ಒಬ್ಬರ ಅರ್ಥಗಾರಿಕೆಗೆ ಮತ್ತೊಬ್ಬರು ತಲೆದೂಗುವವರು. ಜಗಳಕ್ಕೆ ಹೆಚ್ಚು ಎಡೆಗೊಡುವುದು ಒಂದೇ ಪಂದ್ಯದ ಸ್ಪರ್ಧೆಯೇ. ಅಲ್ಲಿ ನಿರ್ಣಾಯಕನ ಒಂದು ತಪ್ಪು ತೀರ್ಪಿಗೆ ಇಡೀ ವರ್ಷ ಬಲಿಯಾಗುತ್ತದೆ, ಸೇಡಿಗೆ ಮರುಪಂದ್ಯವೂ ಇಲ್ಲ. ಮುಂದಿನ ಶನಿವಾರ ಮತ್ತೆ ಆಟವಿದೆಯೆಂದಾಗ ಸಿಟ್ಟಿಗೂ ಒಂದು ದಾರಿ ಸಿಗುತ್ತದೆ. ನವಾಯತಿ ಮನೆಮಾತಿನ ಭಟ್ಕಳದ ಹುಡುಗ, ಹವ್ಯಕ ಕನ್ನಡದ ಹೊನ್ನಾವರದ ಹುಡುಗ, ಕೊಂಕಣಿಯ ಕುಮಟೆಯ ಹುಡುಗ ಒಂದೇ ಸಲ ಸಂಧಿಸಿದರೆ ಅಂಗಿಯ ಬೆನ್ನಿನ ಅಂಕಿಯನ್ನಷ್ಟೇ ನೋಡುತ್ತಾರೆ. ನಾಲ್ಕನೆಯ ಸಲಕ್ಕೆ ಹೆಸರು ಹಿಡಿದು ಕರೆಯುತ್ತಾರೆ.

ನಾಲ್ಕು ಪಂದ್ಯ ಒಳಗೆ. ಹೊರಗೆ ಎರಡಾದರೂ ಇರಲಿ. ಒಂದು ಘಟ್ಟದ ಮೇಲೆ: ಶಿರಸಿ, ಹುಬ್ಬಳ್ಳಿ, ಧಾರವಾಡ, ಎಲ್ಲಾದರೂ ಸರಿ. ಇನ್ನೊಂದು ತೆಂಕಣ ಗಡಿಯಾಚೆ, ಕುಂದಾಪುರದೊಡನೆ. ಅದು ಸೌಹಾರ್ದ ಪಂದ್ಯವಾದ್ದರಿಂದ ವಿಶ್ವವಿದ್ಯಾಲಯದ ಪಟ್ಟಿಗೆ ಸೇರದು, ಅದರ ಗೆಲುವಿಗೆ ಢಾಲೂ ಇಲ್ಲ. ಎರಡು ಕಾಲೇಜಿನ ಪ್ರಾಚಾರ್ಯರು ಒಪ್ಪಿ, ದೈಹಿಕ ಶಿಕ್ಷಣ ನಿರ್ದೇಶಕರು ಒಂದು ದಿನ ಗೊತ್ತುಮಾಡಿದರೆ ಭಟ್ಕಳದ ತಂಡ ಮಧ್ಯಾಹ್ನ ಹೊರಟು, ಶಿರೂರು ಬೈಂದೂರುಗಳನ್ನು ದಾಟಿ, ಮೂರೂವರೆಗೆ ಕುಂದಾಪುರದ ಅಂಗಳದಲ್ಲಿರುತ್ತದೆ. ಮುಂದಿನ ವರ್ಷ ಕುಂದಾಪುರದವರು ಭಟ್ಕಳಕ್ಕೆ.